ಗುತ್ತಿಯ ನೀಲಿ ಜೇಡ, ಕಾರವಾರದ ಬಿಲದ ಜೇಡ

ಮೈಸೂರು ಪಾಕ್, ಮೈಸೂರು ಮಲ್ಲಿಗೆ, ಮೈಸೂರು ಪೇಟ, ಮೈಸೂರು ಸ್ಯಾಂಡಲ್ ಸೋಪು... ಇಷ್ಟೆಲ್ಲ ನಮಗೆ ಗೊತ್ತು. ‘ಮೈಸೂರು ಆರ್ನಮೆಂಟಲ್’ ಅಂದರೆ ಏನು ಹೇಳಿ ನೋಡೋಣ? ಯಾವುದೋ ಒಡವೆಯ ಡಿಸೈನ್ ಇರಬೇಕು ಅಂದುಕೊಂಡಿರಾ? ಅಲ್ಲ ಮಾರಾಯ್ರೆ, ಅದೊಂದು ಜೇಡ :-) ಕಾಲು ಚಾಚಿದರೆ ಅಂಗೈ ತುಂಬುವಷ್ಟು ದೊಡ್ಡದು, ಮೈತುಂಬ ಬೂದು-ಕಪ್ಪು ಚಿತ್ತಾರ, ಮರದ ಪೊಟರೆಯಲ್ಲಿ ವಾಸ. ವಿಜ್ಞಾನಿಗಳು ಅದನ್ನು ಪೀಸಿಲೋಥೀರಿಯಾ ಸ್ಟ್ರಯೇಟಾ ಅನ್ನುತ್ತಾರೆ. ಆ ಹೆಸರು ಕೊಟ್ಟವರು ಲಂಡನ್ನಿನ ರೆಜಿನಾಲ್ಡ್ ಪೋಕಾಕ್, ೧೮೯೫ರಲ್ಲಿ. ಇವತ್ತು ಯುರೋಪ್, ಅಮೆರಿಕದಲ್ಲಿ ಜೇಡ ಸಾಕುವವರ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಲ್ಲೇ ಹುಟ್ಟಿ ಅಲ್ಲೇ ಮರಿಹಾಕಿದ ‘ಮೈಸೂರು’ಗಳು ಬೇಕಾದಷ್ಟಿವೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಸ್ನೇಹಿತರಲ್ಲಿ ಒಬ್ಬನಿಗೂ ಹಾಗೊಂದು ಪ್ರಾಣಿ ಇದೆ ಅನ್ನುವುದೇ ಗೊತ್ತಿರಲಿಲ್ಲ.

ನಾನು ಜೇಡದ ತಜ್ಞನಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಈ ವಿಷಯ ತಲೆಗೆ ಹತ್ತಿದ್ದು ಹೇಗೆಂದರೆ, ನನ್ನ ಜೊತೆ ಕೆಲಸ ಮಾಡುವ ಒಬ್ಬ ಬೆಂಗಳೂರಿನ ತನ್ನ ಫ್ಲ್ಯಾಟಿನಲ್ಲಿ ಒಂದು ಟರಂಟುಲ ಸಾಕಿದ್ದಾನೆ. ಮೆಕ್ಸಿಕೋ ದೇಶದ ಕೆಂಪು ಮಂಡಿಯ ಜೇಡ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಿದ್ದಾಗ ಯಾರೋ ಪರಿಚಯದವರ ಮೂಲಕ ತಂದದ್ದಂತೆ. ರಸೀದಿ ಇಲ್ಲ, ಕಾಗದ ಇಲ್ಲ. ಈಗ ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ. “ನೀನು ಹೇಗೂ ಊರಿನಿಂದಲೇ ಕೆಲಸ ಮಾಡ್ತೀಯ, ಇನ್ನಂಜೆಯಲ್ಲಿ ಮನೆ ದೊಡ್ಡದುಂಟು, ಇದನ್ನೂ ಇಟ್ಕೊಳೋ ಮಾರಾಯ” ಅಂದ. ವಾರಕ್ಕೆ ಒಂದು ಜಿರಳೆ ಹಾಕಿದರೆ ಸಾಕು, ಬೊಗಳುವುದಿಲ್ಲ, ವಾಕಿಂಗ್ ಕರೆದುಕೊಂಡು ಹೋಗಬೇಕಾಗಿಲ್ಲ. ಕೇಳುವುದಕ್ಕೆ ಒಳ್ಳೆಯ ವ್ಯವಹಾರವೇ. “ಎಷ್ಟು ವರ್ಷ ಬದುಕ್ತದೆ?” ಅಂತ ಕೇಳಿದೆ. ಹೆಣ್ಣಾದರೆ ಇಪ್ಪತ್ತು ವರ್ಷ ದಾಟುವುದೂ ಉಂಟು ಅಂದ. ಅಂದರೆ ಒಂದು ಹೋಮ್ ಲೋನಿನಷ್ಟು! ಯೋಚಿಸಿ ಹೇಳುತ್ತೇನೆ ಅಂತ ಓದುವುದಕ್ಕೆ ಕೂತೆ. ಓದುತ್ತಾ ಹೋದ ಹಾಗೆ ದಾರಿ ಮೆಕ್ಸಿಕೋ ಬಿಟ್ಟು ನಮ್ಮ ಕಾರವಾರಕ್ಕೂ ಬಳ್ಳಾರಿಯ ಪಕ್ಕದ ಗುತ್ತಿಗೂ ಬಂದು ನಿಂತಿತು.

ಮೊದಲು ಹೆಸರಿನ ಕಥೆ ಮುಗಿಸಿಬಿಡುತ್ತೇನೆ. ಟರಂಟುಲ ಅನ್ನುವ ಪದ ಬಂದಿದ್ದು ಇಟಲಿಯ ಟರಾಂಟೋ ಎಂಬ ಊರಿನಿಂದ. ಅಲ್ಲಿನ ಒಂದು ಜೇಡ ಕಚ್ಚಿದರೆ ಬೆವರು ಕಿತ್ತುಬರುವ ತನಕ ಕುಣಿಯಬೇಕು, ಇಲ್ಲದಿದ್ದರೆ ವಿಷ ಇಳಿಯುವುದಿಲ್ಲ ಅಂತ ಜನ ನಂಬಿದ್ದರು. ತಮಾಷೆ ಏನೆಂದರೆ ಆ ಜೇಡ ಇವತ್ತು ನಾವು ಟರಂಟುಲ ಅನ್ನುವ ಜಾತಿಯದ್ದೇ ಅಲ್ಲ, ಅದು ತೋಳಜೇಡ. ಆಮೇಲೆ ಯುರೋಪಿನವರು ಅಮೆರಿಕ ಖಂಡಕ್ಕೆ ಹೋಗಿ ಅಲ್ಲಿ ರೋಮ ತುಂಬಿದ ದೈತ್ಯ ಜೇಡಗಳನ್ನು ನೋಡಿದಾಗ ಅದೇ ಹೆಸರನ್ನು ಅವುಗಳಿಗೂ ಅಂಟಿಸಿದರು. ೧೭೦೫ರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಅನ್ನುವ ಚಿತ್ರಕಾರ್ತಿ ಸುರಿನಾಮಿನ ಕೀಟಗಳ ಪುಸ್ತಕದಲ್ಲಿ ಜೇಡವೊಂದು ಝೇಂಕಾರದ ಹಕ್ಕಿಯನ್ನು ತಿನ್ನುತ್ತಿರುವ ಚಿತ್ರ ಹಾಕಿದಾಗ ಅದು ಕಟ್ಟುಕಥೆ ಅಂತ ನಕ್ಕವರೂ ಇದ್ದರು.

ನಮ್ಮ ಕಡೆ ಜೇಡದ ಭಯ ಬೇರೆ ರೀತಿಯದ್ದು. ತುಟಿಯ ಹತ್ತಿರ ಗುಳ್ಳೆ ಎದ್ದರೆ “ಜೇಡ ಉಚ್ಚೆ ಹೊಯ್ದದ್ದು” ಅಂತ ಅಜ್ಜಿ ಹೇಳುತ್ತಿದ್ದರು. ಎಷ್ಟೋ ಸಲ ಅದು ವೈರಸ್ಸಿನಿಂದ ಬಂದ ಗುಳ್ಳೆ, ಇಲ್ಲವೇ ಮೈಮೇಲೆ ಅರೆದುಹೋದ ಒಂದು ಸಣ್ಣ ದುಂಬಿಯ ರಸದಿಂದ ಆದ ಸುಟ್ಟಗಾಯ. ಜೇಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪಾಪ, ಜೇಡ.

ಈಗ ಕಾರವಾರ. ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ೧೭೯೯ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಜಿಲ್ಲೆ ಕಂಪೆನಿಯ ಕೈಗೆ ಬಂತು, ಮದ್ರಾಸಿಗೆ ಸೇರಿತು. ೧೮೬೨ರಲ್ಲಿ ಉತ್ತರದ ತುಂಡನ್ನು ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ಅದರ ಹಿಂದೆ ಇದ್ದದ್ದು ಹತ್ತಿಯ ವ್ಯಾಪಾರ: ಧಾರವಾಡದ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕಿತ್ತು. ನಮ್ಮ ಉಡುಪಿ, ಕಾಪು, ಕಾರ್ಕಳ ಎಲ್ಲ ದಕ್ಷಿಣ ಕೆನರಾ ಅಂತ ಮದ್ರಾಸಿನಲ್ಲೇ ಉಳಿದವು. ಜೇಡಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಇದೆ. ೧೮೮೩ರಲ್ಲಿ ಮುಂಬೈಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಮುಂಬೈ ಪ್ರಾಂತ್ಯದ ಮೂಲೆಮೂಲೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಅದು ಹುಚ್ಚು ಹಿಡಿಸಿತು. ಆ ಎಂಟರಲ್ಲಿ ಒಬ್ಬರು ಇ.ಎಚ್. ಐಟ್ಕನ್, ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ, ‘ಇಹಾ’ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದವರು. ಅವರಿಗೆ ಉತ್ತರ ಕನ್ನಡಕ್ಕೆ ವರ್ಗವಾಯಿತು. ಅಲ್ಲಿ ಕಲೆಕ್ಟರ್ ಡೇವಿಡ್ಸನ್ ಇದ್ದರು, ಅರಣ್ಯ ಇಲಾಖೆಯ ಟಿ.ಆರ್. ಬೆಲ್ ಇದ್ದರು. ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದ ಲೇಖನಮಾಲೆ ಇವತ್ತಿಗೂ ಆ ಕ್ಷೇತ್ರದವರಿಗೆ ಬೇಕಾದದ್ದು. ಕಂಬಳಿಹುಳಗಳನ್ನು ಮನೆಗೆ ತಂದು, ಎಲೆ ತಿನ್ನಿಸಿ, ಸಾಕಿ, ಚಿಟ್ಟೆಯಾಗುವ ತನಕ ಕಾದು ಬರೆದದ್ದು ಅದು. ಬೆಲ್ ಸಾಹೇಬರಂತೂ ನಿವೃತ್ತಿಯಾದ ಮೇಲೂ ಕಾರವಾರದಲ್ಲೇ ಉಳಿದುಬಿಟ್ಟರು. ೧೯೪೮ರಲ್ಲಿ ತೀರಿಹೋದದ್ದೂ ಅಲ್ಲೇ.

ಇಂಥ ಜನರ ಜಾಲದ ಮೂಲಕ ಸ್ಪಿರಿಟ್ ತುಂಬಿದ ಸೀಸೆಗಳಲ್ಲಿ ಭಾರತದ ಜೇಡ, ಚೇಳು, ಜರಿಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಅಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತಿದ್ದ ಪೋಕಾಕ್ ಒಂದೊಂದನ್ನೇ ತೆಗೆದು, ಕಾಲಿನ ರೋಮ ಎಣಿಸಿ, ಕಣ್ಣುಗಳ ಅಂತರ ಅಳೆದು ಹೆಸರಿಡುತ್ತಿದ್ದರು. ೧೮೯೯ ಅವರ ಪಾಲಿಗೆ ಸುಗ್ಗಿಯ ವರ್ಷ. ಆ ಒಂದೇ ವರ್ಷದಲ್ಲಿ ಭಾರತದ ಟರಂಟುಲಗಳಿಗೆ ಅವರು ಕೊಟ್ಟ ಹೆಸರುಗಳನ್ನು ನೋಡಿದರೆ ಕಣ್ಣು ತಿರುಗುತ್ತದೆ. ಥ್ರಿಗ್ಮೋಪಿಯಸ್ ಅನ್ನುವ ಹೊಸ ಕುಲ, ಅದರಲ್ಲಿ ಇನ್‌ಸಿಗ್ನಿಸ್ ಮತ್ತು ಟ್ರುಕ್ಯುಲೆಂಟಸ್ ಅನ್ನುವ ಎರಡು ಪ್ರಭೇದ. ಟ್ರುಕ್ಯುಲೆಂಟಸ್ ಅಂದರೆ ಲ್ಯಾಟಿನ್‌ನಲ್ಲಿ ‘ಸಿಡುಕ’ ಅಂತ. ಬಿಲಕ್ಕೆ ಕಡ್ಡಿ ಹಾಕಿದವರ ಮೇಲೆ ಮುಂಗಾಲೆತ್ತಿ ಬರುವ ಪ್ರಾಣಿಗೆ ಸರಿಯಾದ ಹೆಸರೇ. ಇಂಗ್ಲಿಷಿನಲ್ಲಿ ಈಗ ಅದಕ್ಕೆ ‘ಕಾರವಾರದ ದೊಡ್ಡ ಬಿಲಜೇಡ’ ಅನ್ನುವ ಅರ್ಥದ ಹೆಸರಿದೆ. ೧೯೦೦ರಲ್ಲಿ ಇದೆಲ್ಲ ಸೇರಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಅರಾಕ್ನಿಡಾ ಸಂಪುಟವಾಗಿ ಬಂತು. ನೂರಿಪ್ಪತ್ತೈದು ವರ್ಷ ಕಳೆದರೂ ಭಾರತದ ಜೇಡದ ಬಗ್ಗೆ ಯಾರಾದರೂ ಹೊಸದಾಗಿ ಬರೆಯಬೇಕಾದರೆ ಆ ಪುಸ್ತಕವನ್ನು ಒಮ್ಮೆ ತೆರೆಯಲೇಬೇಕು. ಈ ಪೋಕಾಕ್ ೧೯೦೪ರಿಂದ ೧೯೨೩ರ ತನಕ ಲಂಡನ್ ಮೃಗಾಲಯದ ಸೂಪರಿಂಟೆಂಡೆಂಟ್ ಕೂಡ ಆಗಿದ್ದರು. ಆ ಮೃಗಾಲಯದಲ್ಲಿ ೧೮೮೧ರಲ್ಲೇ ಕೀಟಗಳಿಗೆಂದು ಒಂದು ಮನೆ ತೆರೆದಿದ್ದರು. ಹುಳಹುಪ್ಪಟೆಗಳನ್ನು ಗಾಜಿನ ಹಿಂದೆ ಇಟ್ಟು ಜನ ದುಡ್ಡು ಕೊಟ್ಟು ನೋಡುವ ಅಭ್ಯಾಸಕ್ಕೆ ಅಷ್ಟು ವಯಸ್ಸಾಗಿದೆ.

ನನಗೆ ಕೊರೆಯುವುದು ಒಂದೇ. ಆ ಜೇಡಗಳನ್ನು ಬಿಲದಿಂದ ಅಗೆದು ತೆಗೆದವರು ಯಾರು? ಸಾಹೇಬರು ಬೂಟು ಹಾಕಿಕೊಂಡು ಗುದ್ದಲಿ ಹಿಡಿದಿರಲಾರರು. ಬಿಲ ಎಲ್ಲಿದೆ ಅಂತ ಗೊತ್ತಿದ್ದದ್ದು ದನ ಮೇಯಿಸುವವನಿಗೆ, ಸೊಪ್ಪು ಕಡಿಯುವವಳಿಗೆ, ಫಾರೆಸ್ಟ್ ಗಾರ್ಡಿಗೆ. ಅವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಗಡಿ ಇನ್ನೊಂದು ರೀತಿ ಎಳೆದಿದ್ದರೆ, ಐಟ್ಕನ್ನಿಗೆ ಮಲ್ಪೆ ಬಂದರಿಗೆ ವರ್ಗವಾಗಿದ್ದರೆ, ‘ಕಾಪುವಿನ ಬಿಲಜೇಡ’ ಅನ್ನುವ ಹೆಸರು ಇರುತ್ತಿತ್ತೋ ಏನೋ :-) ಮದ್ರಾಸಿನ ಕಡೆಯೂ ಕೆಲಸ ನಡೆಯಲಿಲ್ಲ ಅಂತಲ್ಲ, ತಡವಾಯಿತು ಅಷ್ಟೆ. ಕಲಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿದ್ದ ಗ್ರೇವ್ಲಿ ೧೯೧೫ರಲ್ಲಿ ಭಾರತದ ಈ ಜೇಡಗಳ ಬಗ್ಗೆ ಬರೆದರು, ಅವರೇ ಆಮೇಲೆ ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿ ಬಂದರು.

ಅದೇ ೧೮೯೯ರಲ್ಲಿ ಪೋಕಾಕ್ ಕೈಗೆ ಇನ್ನೊಂದು ಜೇಡ ಸಿಕ್ಕಿತ್ತು. ಇಡೀ ಕಥೆಯಲ್ಲಿ ನನಗೆ ಅತಿ ವಿಚಿತ್ರ ಅನಿಸಿದ್ದು ಇದು. ಬಳ್ಳಾರಿಯಿಂದ ರೈಲಿನಲ್ಲಿ ಗುಂತಕಲ್ ದಾಟಿದರೆ ಗುತ್ತಿ ಬರುತ್ತದೆ. ಬೆಟ್ಟದ ಮೇಲೆ ದೊಡ್ಡ ಕೋಟೆ, ಕೆಳಗೆ ರೈಲ್ವೆ ಜಂಕ್ಷನ್. ಆ ರೈಲ್ವೆಯ ಮರದ ದಿಮ್ಮಿಗಳ ಅಂಗಳದಲ್ಲಿ ಒಂದು ಹೆಣ್ಣು ಜೇಡ ಸಿಕ್ಕಿತು. ಮೈಯೆಲ್ಲ ಲೋಹದಂತೆ ಹೊಳೆಯುವ ನೀಲಿ. ಪೋಕಾಕ್ ಅದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಅಂತ ಹೆಸರಿಟ್ಟರು. ಅಷ್ಟೇ! ಆಮೇಲೆ ನೂರೆರಡು ವರ್ಷ ಯಾರಿಗೂ ಅದು ಕಾಣಿಸಲಿಲ್ಲ. ಗುತ್ತಿಯ ಸುತ್ತ ಹುಡುಕಿದರೆ ಸಿಗುವುದಾದರೂ ಹೇಗೆ? ಅದು ಗುತ್ತಿಯದ್ದೇ ಅಲ್ಲ! ಎಲ್ಲೋ ಕಾಡಿನಲ್ಲಿ ಕಡಿದ ಮರದ ಪೊಟರೆಯೊಳಗೆ ಕೂತು ರೈಲಿನಲ್ಲಿ ಟಿಕೆಟ್ಟಿಲ್ಲದೆ ಬಂದು ಇಳಿದಿದ್ದಿರಬೇಕು. ೨೦೦೧ರಲ್ಲಿ ಅದು ಮತ್ತೆ ಕಂಡದ್ದು ಪೂರ್ವಕ್ಕೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಅದರ ಇಡೀ ಪ್ರಪಂಚವೇ ನೂರು ಚದರ ಕಿಲೋಮೀಟರಿಗಿಂತ ಕಡಿಮೆ, ಅದೂ ಸೌದೆಗೆ ಮರ ಕಡಿಯುವ ಕಾಡು. ೨೦೦೮ರಲ್ಲಿ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿಸಿತು.

ಮುಂದಿನದ್ದು ಕೇಳಿ. ಮತ್ತೆ ಸಿಕ್ಕಿದ ಕೆಲವೇ ವರ್ಷಗಳಲ್ಲಿ ಆ ಜೇಡ ಅಮೆರಿಕದ ಸಾಕುಪ್ರಾಣಿ ಮಾರುಕಟ್ಟೆಯಲ್ಲಿತ್ತು. ಶುರುವಿನಲ್ಲಿ ಒಂದಕ್ಕೆ ಐನೂರು ಡಾಲರಿಗಿಂತ ಹೆಚ್ಚು. ಭಾರತದಿಂದ ಕಾಡುಪ್ರಾಣಿಗಳನ್ನು ರಫ್ತು ಮಾಡುವುದಕ್ಕೆ ನಿಷೇಧ ಇದೆ. ಹಾಗಾದರೆ ಹೋದದ್ದು ಹೇಗೆ? ಹೇಗೆ ಅಂತ ಯಾರೂ ರಸೀದಿ ಇಡುವುದಿಲ್ಲವಲ್ಲ. ಒಂದು ಹೆಣ್ಣು, ಒಂದು ಗಂಡು, ಇಲ್ಲವೇ ಮೊಟ್ಟೆಯ ಒಂದು ಚೀಲ, ಸೂಟ್‌ಕೇಸಿನ ಮೂಲೆಯಲ್ಲಿ ಒಂದು ಡಬ್ಬ. ಅಷ್ಟು ಸಾಕು. ಅಲ್ಲಿ ಮರಿಯಾದವು, ಮರಿಗಳಿಗೆ ಮರಿಯಾದವು, ಬೆಲೆ ಇಳಿಯಿತು. ಹೆಸರು ಮಾತ್ರ ‘ಗುತ್ತಿ ಸಫೈರ್’ ಅಂತ ನಿಂತುಹೋಯಿತು. ಗುತ್ತಿಯ ಜನ ನೋಡಿಯೇ ಇರದ ನೀಲಮಣಿ.

ಆ ನೀಲಿಯ ವಿಷಯವೂ ಸ್ವಾರಸ್ಯದ್ದೇ. ಅದು ಬಣ್ಣದ ದ್ರವ್ಯದಿಂದ ಬಂದದ್ದಲ್ಲ, ರೋಮದೊಳಗಿನ ಅತಿ ಸೂಕ್ಷ್ಮ ರಚನೆಗಳ ಮೇಲೆ ಬೆಳಕು ಬಿದ್ದು ಹುಟ್ಟುವ ನೀಲಿ. ಟರಂಟುಲಗಳಲ್ಲಿ ಈ ನೀಲಿ ಕನಿಷ್ಠ ಎಂಟು ಸಲ ಬೇರೆ ಬೇರೆಯಾಗಿ ವಿಕಾಸವಾಗಿದೆ ಅಂತ ೨೦೧೫ರ ಒಂದು ಅಧ್ಯಯನ ತೋರಿಸಿತು. ಕಣ್ಣು ಮಂದವಾಗಿರುವ, ರಾತ್ರಿ ಓಡಾಡುವ ಪ್ರಾಣಿಗೆ ಇಂಥ ನೀಲಿ ಯಾಕೆ ಬೇಕಿತ್ತೋ!

ಸರಿ, ಜನ ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಶುರುಮಾಡಿದ್ದು ಯಾವಾಗ? ಅಲ್ಲೊಬ್ಬ ಇಲ್ಲೊಬ್ಬ ಪ್ರಾಧ್ಯಾಪಕರು ಮೊದಲಿನಿಂದಲೂ ಸಾಕುತ್ತಿದ್ದರು. ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದ ಬೇರ್ಗ್ ಜೀವಮಾನವಿಡೀ ಟರಂಟುಲ ಸಾಕಿ ೧೯೫೮ರಲ್ಲಿ ಒಂದು ಪುಸ್ತಕ ಬರೆದರು. ಸಾಮಾನ್ಯರ ಹವ್ಯಾಸವಾದದ್ದು ೧೯೭೦-೮೦ರ ದಶಕದಲ್ಲಿ. ಸಿನೆಮಾಗಳೂ ಕೈಜೋಡಿಸಿದವು. ೧೯೬೨ರ ಬಾಂಡ್ ಸಿನೆಮಾದಲ್ಲಿ ಹಾಸಿಗೆ ಮೇಲೆ ಹರಿದ ಜೇಡ, ೧೯೮೧ರ ಇಂಡಿಯಾನಾ ಜೋನ್ಸ್ ಸಿನೆಮಾದಲ್ಲಿ ಬೆನ್ನ ಮೇಲೆ ಕೂತ ಜೇಡಗಳು. ಮೆಕ್ಸಿಕೋದ ಕೆಂಪು ಮಂಡಿಯ ಜೇಡ ನೋಡುವುದಕ್ಕೆ ಚೆಂದ, ಸ್ವಭಾವ ಸೌಮ್ಯ. ಎಲ್ಲರಿಗೂ ಅದೇ ಬೇಕು. ಮೆಕ್ಸಿಕೋದ ಕಾಡಿನಿಂದ ಎಷ್ಟು ಅಗೆದರೆಂದರೆ ೧೯೮೫ರಲ್ಲಿ ಅದನ್ನು ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧಕ್ಕೆ ಹಾಕಬೇಕಾಯಿತು. ಅಂದರೆ ಪರವಾನಗಿ ಇಲ್ಲದೆ ದೇಶದಿಂದ ದೇಶಕ್ಕೆ ಸಾಗಿಸುವ ಹಾಗಿಲ್ಲ. ೧೯೯೪ರಲ್ಲಿ ಆ ಕುಲವನ್ನೇ ಪೂರ್ತಿ ಸೇರಿಸಿದರು. ಹಾಗಂತ ನಿಂತಿತಾ? ೨೦೧೦ರಲ್ಲಿ ಅಮೆರಿಕದ ಅಂಚೆಯಲ್ಲಿ ಮುನ್ನೂರರಷ್ಟು ಜೀವಂತ ಟರಂಟುಲಗಳಿದ್ದ ಪಾರ್ಸೆಲ್ ಸಿಕ್ಕಿತು, ಕಳಿಸಿದ ಜರ್ಮನ್ ಪ್ರಜೆಯನ್ನು ಲಾಸ್ ಏಂಜಲೀಸಿನಲ್ಲಿ ಹಿಡಿದರು.

ನಮ್ಮ ಮರದ ಜೇಡಗಳ, ಅಂದರೆ ಮೈಸೂರು, ಗುತ್ತಿ, ಸೇಲಂ ಎಲ್ಲ ಸೇರಿದ ಪೀಸಿಲೋಥೀರಿಯಾ ಕುಲದ ಸರದಿ ಬರಲು ಇನ್ನೂ ತಡವಾಯಿತು. ಈ ಕುಲ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಬೇರೆಲ್ಲೂ ಇಲ್ಲ. ೨೦೦೦ದಲ್ಲಿ ಶ್ರೀಲಂಕಾ ಮತ್ತು ಅಮೆರಿಕ ಇದನ್ನು ಸೈಟಿಸ್‌ಗೆ ಸೇರಿಸಬೇಕು ಅಂತ ಪ್ರಸ್ತಾಪ ಇಟ್ಟು ವಾಪಸ್ ತೆಗೆದುಕೊಂಡವು. ಮತ್ತೆ ಅದೇ ಪ್ರಸ್ತಾಪ ಜಿನೀವಾದಲ್ಲಿ ಪಾಸಾದದ್ದು ೨೦೧೯ರಲ್ಲಿ. ನಡುವೆ ಹತ್ತೊಂಬತ್ತು ವರ್ಷ! ಅಷ್ಟರಲ್ಲಿ ಹೊಸ ಪ್ರಭೇದಗಳಿಗೆ ಹೆಸರಿಡುವುದೂ ನಡೆದಿತ್ತು. ೨೦೦೪ರಲ್ಲಿ ಬ್ರಿಟನ್ನಿನ ಆಂಡ್ರೂ ಸ್ಮಿತ್ ರಾಮೇಶ್ವರದ ಒಂದು ಜೇಡಕ್ಕೆ ಅಲ್ಲಿನ ಹನುಮಂತನ ದೇವಸ್ಥಾನದ ನೆನಪಿಗೆ ‘ಹನುಮವಿಲಾಸುಮಿಕಾ’ ಅಂತ ಹೆಸರಿಟ್ಟರು. ಲಂಕೆಗೆ ಹಾರುವ ದಾರಿಯಲ್ಲೇ ಸಿಕ್ಕಿದ ಜೇಡ.

ಇನ್ನು ನಮ್ಮ ದೇಶದ ಕಾನೂನು. ೧೯೭೨ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಆನೆ, ನವಿಲು ಇದ್ದವು, ಎಷ್ಟೋ ಚಿಟ್ಟೆಗಳೂ ಇದ್ದವು. ಟರಂಟುಲ ಇರಲಿಲ್ಲ. ಹೊರದೇಶದ ಪ್ರಾಣಿಗಳಂತೂ ಆ ಕಾಯ್ದೆಯ ಲೆಕ್ಕಕ್ಕೇ ಬರುತ್ತಿರಲಿಲ್ಲ. ಕಳ್ಳದಾರಿಯಲ್ಲಿ ವಿಮಾನ ಇಳಿದದ್ದು ಒಮ್ಮೆ ಕಸ್ಟಮ್ಸ್ ದಾಟಿತೆಂದರೆ ಆಮೇಲೆ ಕೇಳುವವರಿಲ್ಲ. ಇಗುವಾನಾ, ಬಾಲ್ ಪೈಥಾನ್, ಟರಂಟುಲ ಎಲ್ಲ ನಮ್ಮ ಐಟಿ ಹುಡುಗರ ಫ್ಲ್ಯಾಟುಗಳಿಗೆ ಬಂದದ್ದು ಈ ಸಂದಿಯಿಂದ. ೨೦೨೦ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ಇದ್ದವರು ತಾವಾಗಿಯೇ ಹೇಳಿಕೊಳ್ಳಿ ಅಂತ ಒಂದು ಅವಕಾಶ ಕೊಟ್ಟಿತು. ಮರು ತಿಂಗಳೇ ಚೆನ್ನೈಯಲ್ಲಿ ಪೋಲೆಂಡಿನಿಂದ ಬಂದ ಒಂದು ಪಾರ್ಸೆಲ್ ಸುದ್ದಿಯಾಯಿತು. ಬೆಳ್ಳಿ ಹಾಳೆ, ಹತ್ತಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳು, ಒಳಗೆ ೧೦೭ ಜೀವಂತ ಜೇಡದ ಮರಿಗಳು. ಬಂದ ದೇಶಕ್ಕೇ ವಾಪಸ್ ಕಳಿಸುವುದು ಅಂತ ತೀರ್ಮಾನವಾಯಿತು. ನೋಡಿ ಹೇಗಿದೆ: ೧೮೯೯ರಲ್ಲಿ ಸೀಸೆಯಲ್ಲಿ ಸತ್ತ ಜೇಡ ಇಲ್ಲಿಂದ ಯುರೋಪಿಗೆ, ೨೦೨೦ರಲ್ಲಿ ಸೀಸೆಯಲ್ಲಿ ಬದುಕಿದ ಜೇಡ ಯುರೋಪಿನಿಂದ ಇಲ್ಲಿಗೆ.

೨೦೨೨ರ ತಿದ್ದುಪಡಿ ೨೦೨೩ರ ಏಪ್ರಿಲ್ ಒಂದರಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯ ಪ್ರಾಣಿಗಳಿಗೆ ಕಾಯ್ದೆಯಲ್ಲೇ ಒಂದು ಅನುಸೂಚಿ ಬಂತು. ೨೦೨೪ರ ಫೆಬ್ರವರಿಯಲ್ಲಿ ನಿಯಮಗಳೂ ಬಂದವು. ಅಂಥ ಪ್ರಾಣಿ ಜೀವಂತ ಇಟ್ಟುಕೊಂಡವರು ಆರು ತಿಂಗಳೊಳಗೆ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು, ಸತ್ತರೂ ತಿಳಿಸಬೇಕು. ನನ್ನ ಗೆಳೆಯ ಇದ್ಯಾವುದನ್ನೂ ಮಾಡಿರಲಿಲ್ಲ. ಸಣ್ಣ ಹುಳಕ್ಕೆ ಯಾರು ಕೇಳ್ತಾರೆ ಅಂದ. ಕೆಂಪು ಮಂಡಿಯ ಜೇಡ ಆ ಪಟ್ಟಿಯಲ್ಲಿ ೧೯೮೫ರಿಂದಲೇ ಇದೆ, ಅಂದರೆ ನಾವಿಬ್ಬರೂ ಹುಟ್ಟುವ ಮೊದಲಿನಿಂದ. ನಾನು ಬೇಡ ಅಂದೆ. ಮೊದಲು ಇಲಾಖೆಗೆ ಬರೆ, ಆಮೇಲೆ ಮಾತಾಡುವ ಅಂದೆ. ಬೇಸರ ಮಾಡಿಕೊಂಡ. ಅವನ ಬೇಸರವೂ ನನಗೆ ಅರ್ಥವಾಗುತ್ತದೆ. ಆರೇಳು ವರ್ಷ ಸಾಕಿದವನು ಅವನು. ಅದು ಪೊರೆ ಬಿಡುವಾಗ ಅಂಗಾತ ಮಲಗಿ ಗಂಟೆಗಟ್ಟಲೆ ಒದ್ದಾಡುವುದನ್ನು ರಾತ್ರಿಯಿಡೀ ಕೂತು ನೋಡಿದ್ದಾನಂತೆ. ಮೊದಲ ಸಲ ಸತ್ತೇಹೋಯಿತು ಅಂತ ಅತ್ತಿದ್ದನಂತೆ. ಅಂಥವನನ್ನು ಕಳ್ಳಸಾಗಣೆಯವನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಸರಪಳಿಯ ಕೊನೆಯ ಕೊಂಡಿ ಅವನ ಮೇಜಿನ ಮೇಲೇ ಇದೆ.

ವಿಷದ ಮಾತು ಹೇಳದೆ ಮುಗಿಸಿದರೆ ಅಮ್ಮ ಬಿಡುವುದಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಟರಂಟುಲಗಳೆಲ್ಲ ವಿಷದವೇ. ಅಮೆರಿಕದವು ಹೆಚ್ಚಾಗಿ ಹಿಂಗಾಲಿನಿಂದ ಹೊಟ್ಟೆಯ ರೋಮ ಕೆದರಿ ಎಸೆಯುತ್ತವೆ, ತುರಿಕೆ ಬರುತ್ತದೆ, ಕಣ್ಣಿಗೆ ಬಿದ್ದರೆ ಕಷ್ಟ. ನಮ್ಮ ಕಡೆಯವಕ್ಕೆ ಆ ರೋಮ ಇಲ್ಲ, ಹಾಗಾಗಿ ನೇರವಾಗಿ ಕಚ್ಚುತ್ತವೆ. ಪೀಸಿಲೋಥೀರಿಯಾ ಕಚ್ಚಿದವರ ವರದಿಗಳನ್ನೆಲ್ಲ ಒಟ್ಟುಮಾಡಿ ೨೦೧೪ರಲ್ಲಿ ಟಾಕ್ಸಿಕಾನ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಸ್ನಾಯು ಸೆಳೆತ, ಕೆಲವರಿಗೆ ದಿನಗಟ್ಟಲೆ. ಸತ್ತವರಿಲ್ಲ. ಇದಕ್ಕೆ ಪ್ರತಿವಿಷ ಇಲ್ಲ. ನಮ್ಮಲ್ಲಿ ತಯಾರಾಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಜೇಡ ಕಚ್ಚಿದವನಿಗೆ ಅದನ್ನು ಕೊಟ್ಟರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ೨೦೧೨ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡದ ಹಿಂಡು ಬಂತು, ಇಬ್ಬರು ಸತ್ತರು ಅಂತ ದೇಶವೆಲ್ಲ ಸುದ್ದಿಯಾಯಿತು. ಶವಪರೀಕ್ಷೆ ಆಗಿರಲಿಲ್ಲ, ಗಾಯವನ್ನು ಬ್ಲೇಡಿನಿಂದ ಕೊಯ್ದ ನಾಟಿ ಚಿಕಿತ್ಸೆಯ ಮೇಲೂ ಅನುಮಾನ ಇತ್ತು. ಆದರೆ ‘ಕೊಲೆಗಾರ ಜೇಡ’ ಅನ್ನುವ ತಲೆಬರಹ ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯಿತು.

ನಿಜವಾಗಿಯೂ ಕೊಲ್ಲಬಲ್ಲ ಜೇಡವನ್ನು ಸಾಕುವವರೂ ಇದ್ದಾರೆ, ಆಸ್ಟ್ರೇಲಿಯಾದಲ್ಲಿ. ಸಿಡ್ನಿಯ ಫನೆಲ್‌ವೆಬ್ ಜೇಡ ಮನುಷ್ಯರನ್ನು ಕೊಲ್ಲುತ್ತಿತ್ತು. ಅಲ್ಲಿನ ಜನ ಅದನ್ನು ಜಾಡಿಯಲ್ಲಿ ಹಿಡಿದು ತಂದು ಕೊಡುತ್ತಾರೆ, ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನಲ್ಲಿ ಅವುಗಳನ್ನು ಸಾಕಿ ವಿಷ ಹಿಂಡುತ್ತಾರೆ. ಅದರಿಂದ ಮಾಡಿದ ಪ್ರತಿವಿಷ ೧೯೮೧ರಲ್ಲಿ ಬಂದ ಮೇಲೆ ಆ ಜೇಡದಿಂದ ಸತ್ತವರ ಖಚಿತ ವರದಿ ಒಂದೂ ಇಲ್ಲ. ಅದೇ ದೇಶದ ಪಶ್ಚಿಮದಲ್ಲಿ ಬಾರ್ಬರಾ ಯಾರ್ಕ್ ಮೇನ್ ಅನ್ನುವ ವಿಜ್ಞಾನಿ ಇನ್ನೊಂದು ದಾರಿ ಹಿಡಿದರು. ೧೯೭೪ರಿಂದ ಒಂದು ಜಾಗದ ಬಾಗಿಲು-ಬಿಲದ ಜೇಡಗಳಿಗೆ ನಂಬರ್ ಚೀಟಿ ನೆಟ್ಟು, ಒಂದನ್ನೂ ಹಿಡಿಯದೆ, ವರ್ಷವರ್ಷವೂ ಹೋಗಿ ನೋಡಿದರು. ಅವುಗಳಲ್ಲಿ ‘ನಂಬರ್ ೧೬’ ಅನ್ನುವ ಹೆಣ್ಣು ಒಂದೇ ಬಿಲದಲ್ಲಿ ೪೩ ವರ್ಷ ಬದುಕಿತು. ೨೦೧೬ರಲ್ಲಿ ಅದು ಸತ್ತದ್ದು ಮುಪ್ಪಿನಿಂದಲ್ಲ, ಕಣಜವೊಂದು ಬಿಲಕ್ಕೆ ನುಗ್ಗಿ. ಲೋಕದಲ್ಲಿ ಗೊತ್ತಿರುವ ಅತಿ ದೀರ್ಘಾಯುಷಿ ಜೇಡ ಅದು.

ನಮ್ಮಲ್ಲೂ ಕೆಲಸ ಮಾಡಿದವರಿದ್ದಾರೆ. ಮೈಸೂರಿಗೆ ಓದಲು ಬಂದು ಮೃಗಾಲಯದ ಮೋಹಕ್ಕೆ ಬಿದ್ದ ಅಮೆರಿಕದ ಸ್ಯಾಲಿ ವಾಕರ್ ಮೊದಲು ಮೈಸೂರು ಮೃಗಾಲಯದ ಗೆಳೆಯರ ಸಂಘ ಕಟ್ಟಿದರು, ೧೯೮೫ರಲ್ಲಿ ಝೂ ಔಟ್‌ರೀಚ್ ಸಂಸ್ಥೆ ಕಟ್ಟಿದರು. ಸಂಸ್ಥೆ ಆಮೇಲೆ ಕೊಯಮತ್ತೂರಿಗೆ ಹೋಯಿತು. ಅಲ್ಲಿನ ಸಂಜಯ್ ಮೋಲೂರು ಮತ್ತು ಮಂಜು ಸಿಲಿವಾಲ್ ಭಾರತದ ಟರಂಟುಲಗಳನ್ನು ಹುಡುಕಿಕೊಂಡು ತಿರುಗಿದರು. ಇವರೂ ಬಿಸ್ವಾಸ್ ಅವರೂ ಸೇರಿ ೨೦೦೫ರಲ್ಲಿ ಮಾಡಿದ ಭಾರತದ ಜೇಡಗಳ ಪಟ್ಟಿಯಲ್ಲಿ ೧೪೪೨ ಪ್ರಭೇದಗಳಿದ್ದವು. ೨೦೦೮ರಲ್ಲಿ ಐಯುಸಿಎನ್ ಪಟ್ಟಿಗೆ ನಮ್ಮ ಟರಂಟುಲಗಳು ಸೇರಿದ್ದು ಇವರಿಬ್ಬರ ದುಡಿಮೆಯಿಂದಲ್ಲದೆ ಬೇರೆ ಅಲ್ಲ. ಕಾರವಾರದ ಬಿಲಜೇಡ ಅದರಲ್ಲಿ ‘ಅಪಾಯದ ಅಂಚಿಗೆ ಬಂದದ್ದು’. ಈ ಬಿಲಜೇಡಗಳು ಇಷ್ಟಪಡುವುದು ಮಣ್ಣಿನ ದರೆಯನ್ನು, ಅಂದರೆ ರಸ್ತೆ ಮಾಡುವಾಗ ಕಡಿದು ನಿಲ್ಲಿಸಿದ ಗೋಡೆಯಂಥ ದಿಬ್ಬವನ್ನು. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದೂ ಅದೇ ದರೆ.

ನಮ್ಮ ಮನೆಯಿಂದ ಇನ್ನಂಜೆ ಸ್ಟೇಷನ್ನಿನ ಕಡೆ ಹೋಗುವ ಒಳದಾರಿಯಲ್ಲಿ ಅಂಥದ್ದೊಂದು ದರೆ ಇದೆ. ಮೇಲೆ ಗೇರುಮರ, ಕೆಳಗೆ ಕೆಂಪು ಮುರಮಣ್ಣು. ಇಷ್ಟೆಲ್ಲ ಓದಿದ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ಹೋದೆ. ಸೊಂಟದ ಎತ್ತರದಲ್ಲಿ ಎರಡು ಬೆರಳಗಲದ ಬಿಲ, ಬಾಯಿಗೆ ಬಿಳಿ ನೂಲಿನ ಅಂಚು, ಬಾಗಿಲಲ್ಲಿ ಎರಡು ಕಂದು ಕಾಲು. ಬೆಳಕು ತಾಗಿದ್ದೇ ಒಳಗೆ. ಬೆಳಿಗ್ಗೆ ಚಿಕ್ಕಪ್ಪನಿಗೆ ಹೇಳಿದರೆ “ಅದಾ? ನಾನು ಶಾಲೆಗೆ ಹೋಗುವಾಗಲೂ ಆ ದರೆಯಲ್ಲಿ ಇತ್ತಲ್ಲ, ಕಡ್ಡಿ ಹಾಕಿ ಆಡಿಸ್ತಾ ಇದ್ದೆವು” ಅಂದರು. ಅವರು ಶಾಲೆಗೆ ಹೋಗುವಾಗ ಕೊಂಕಣ ರೈಲೇ ಇರಲಿಲ್ಲ. ಅದೇ ಜೇಡ ಅಲ್ಲದಿದ್ದರೂ ಅದರ ಅಜ್ಜಿಯೋ ಮುತ್ತಜ್ಜಿಯೋ ಇರಬೇಕು. ಹೆಣ್ಣು ಬಿಲ ಬಿಟ್ಟು ದೂರ ಹೋಗುವುದಿಲ್ಲ, ಮಳೆಗಾಲದಲ್ಲಿ ಗಂಡು ಅಲೆಯುತ್ತಾ ಬಂದು ಹುಡುಕಬೇಕು.

ಕಳೆದ ವಾರ ಆ ದಾರಿಯನ್ನು ಅಳೆದು ಸುಣ್ಣದ ಗೆರೆ ಎಳೆದು ಹೋಗಿದ್ದಾರೆ. ಗೆರೆ ಗೇರುಮರದ ಬುಡಕ್ಕೆ ಬಂದಿದೆ, ಬಿಲ ಅದರಿಂದ ಈಚೆಗೆ ನಾಲ್ಕು ಅಡಿ. “ಡಬ್ಬದಲ್ಲಿ ಹಿಡಿದು ಆಚೆ ಗುಡ್ಡಕ್ಕೆ ಬಿಡುವ” ಅಂತಾರೆ ಚಿಕ್ಕಪ್ಪ. ದರೆಯ ಕೆಳಭಾಗಕ್ಕೆ ಕಲ್ಲು ಕಟ್ಟಿ ಮೇಲೆ ಹಾಗೆಯೇ ಬಿಟ್ಟರೆ ರಸ್ತೆಗೂ ಸಾಲುತ್ತದಲ್ಲ ಅಂತ ನಾನು ಒಂದು ಅರ್ಜಿ ಬರೆದಿದ್ದೇನೆ, ಕನ್ನಡದಲ್ಲಿ, ಒಂದೂವರೆ ಪುಟ. ಜೇಡಕ್ಕಾಗಿ ಅಂದರೆ ನಗುತ್ತಾರೆ ಅಂತ ಮಳೆಗಾಲದ ಕುಸಿತದ ಕಾರಣವನ್ನೂ ಸೇರಿಸಿದ್ದೇನೆ, ಅದೂ ಸುಳ್ಳಲ್ಲ. ಸೋಮವಾರ ಕೊಟ್ಟು ಬರಬೇಕು. ಜೆಸಿಬಿ ಬರುವುದು ಗೇರುಬೀಜ ಕೊಯ್ದು ಮುಗಿದ ಮೇಲಂತೆ.